ಶಾಫ್ಟ್ ಬಿಚ್ಚಿದ ಗಾಡಿಯಲ್ಲಿ ಕಾರ್ಕಳದ ದಾರಿ

ವಿಮೆಯ ಸರ್ವೇಯರ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದು: ನೀವು ಯಾವಾಗಲೂ ಅಪಘಾತ ಮುಗಿದ ಮೇಲೆ ಹೋಗುವವರು. ರಸ್ತೆಯಲ್ಲಿ ಗಾಜಿನ ಪುಡಿ ಬಿದ್ದಿರುತ್ತದೆ, ಎಣ್ಣೆ ಚೆಲ್ಲಿದಲ್ಲಿ ಯಾರೋ ಮಣ್ಣು ಹಾಕಿರುತ್ತಾರೆ, ಗಾಯಗೊಂಡವರನ್ನು ಮಣಿಪಾಲಕ್ಕೆ ಸಾಗಿಸಿ ಆಗಿರುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ತಗಡು ಮತ್ತು ಕಬ್ಬಿಣ. ಅವನ್ನು ನೋಡಿ, ಏನಾಯಿತು, ಯಾಕಾಯಿತು ಎಂದು ಬರೆಯಬೇಕು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು, ಉಡುಪಿಯಿಂದ ಕಾಪು, ಕಾರ್ಕಳದವರೆಗೆ ಜೀವಮಾನವೆಲ್ಲ ಇದನ್ನೇ ಮಾಡಿದೆ. ನಿವೃತ್ತಿ ಹತ್ತಿರವಾದಾಗ ಒಮ್ಮೆ ಮಾತ್ರ ಅಪಘಾತಕ್ಕಿಂತ ಮೊದಲೇ ಅಲ್ಲಿದ್ದೆ. ಗಾಡಿಯೊಳಗೇ ಕೂತಿದ್ದೆ. ಓಡಿಸುತ್ತಿದ್ದ ಕಾಪುವಿನ ಶೇಖರ ಬದುಕಲಿಲ್ಲ. ಅವನು ಯಾಕೆ ಸತ್ತ ಎಂಬುದನ್ನು, ಆ ಗಾಡಿಗೆ ಕೈ ಹಾಕಿದ್ದ ಮೆಕ್ಯಾನಿಕ್, ನನ್ನ ಬಹುಕಾಲದ ಸ್ನೇಹಿತ ವಲೇರಿಯನ್ ಅವರಿಗೆ ನಾನೇ ಹೇಳಬೇಕಾಗಿ ಬಂತು. ಈ ಬರಹ ಆ ವಿಷಯಕ್ಕಾಗಿ. ಉಳಿದದ್ದು ಅದರ ಜೊತೆಗೆ ಬಂದಷ್ಟು.

ನನಗೆ ಕೆಲಸ ಕಲಿಸಿದವರು ಕಾಮತ್ ಸಾರ್ ಎಂಬ ಹಿರಿಯ ಸರ್ವೇಯರ್. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಹಳೆಯ ಪೇಪರು ಹಾಸಿ, ಲಾರಿಯ ಅಡಿಗೆ ಮಲಗಿಬಿಡುತ್ತಿದ್ದರು. "ಪೆನ್ನು ಆಮೇಲೆ ತೆಗೆ. ಮೊದಲು ಬೆರಳು ಹಾಕು," ಎನ್ನುತ್ತಿದ್ದರು. ಮುರಿದ ಕಬ್ಬಿಣದ ಬಾಯಿ ಹೊಳೆಯುತ್ತಿದ್ದರೆ ಅದು ಈಗ ಮುರಿದದ್ದು. ಅರ್ಧ ಹೊಳೆದು ಅರ್ಧ ತುಕ್ಕಾಗಿದ್ದರೆ ಮೊದಲೇ ಬಿರುಕು ಬಿಟ್ಟಿತ್ತು ಎಂದು ಅರ್ಥ. ಇದನ್ನು ಕಾಲೇಜಿನಲ್ಲೂ ಓದಿದ್ದೆ. ಆದರೆ ಬೆರಳಿಗೆ ತಾಗಿದ್ದು ಅವರ ಜೊತೆಗೆ.

ಕಾರ್ಕಳದ ಹತ್ತಿರ ಒಬ್ಬರು ತೆಂಗಿನಕಾಯಿ ವ್ಯಾಪಾರಿ, ದನ ಅಡ್ಡ ಬಂದು ಕಾರಿನ ಎದುರುಭಾಗ ಹಾಳಾಯಿತು ಎಂದು ಬರೆದುಕೊಟ್ಟಿದ್ದರು. ಕಾಮತ್ ಸಾರ್ ಬಂಪರನ್ನು ಉಗುರಿನಿಂದ ಕೆರೆದರು.

"ಯಜಮಾನ್ರೇ, ದನ ಯಾವ ಬಣ್ಣದ್ದು?"

"ಕಂದು, ಸಾರ್."

"ಇಲ್ಲಿ ನೀಲಿ ಉಂಟಲ್ಲ. ನಿಮ್ಮ ಗೇಟಿಗೆ ಹೊಡೆದ ಪೈಂಟಿನಲ್ಲಿ ಉಳಿದದ್ದನ್ನು ದನಕ್ಕೂ ಹೊಡೆದಿರಾ ಎಂತ?"

ಜಗಲಿಯಲ್ಲಿ ನಿಂತಿದ್ದ ವ್ಯಾಪಾರಿಯ ಹೆಂಡತಿ ನಗು ತಡೆಯಲಾರದೆ, "ಗೇಟಿಗೆ ತಾಗಿದ್ದು ಅಂತ್ಲೇ ಹೇಳಿ ಅಂತ ನಾನು ಆಗ್ಲೇ ಬಡ್ಕೊಂಡೆ," ಎಂದು ಒಳಗೆ ಹೋದರು. ವ್ಯಾಪಾರಿಯೂ ನಕ್ಕು ನಮಗೆ ಎಳನೀರು ಕೊಯ್ಯಿಸಿದರು.

ಆಗ ರೀಲಿನ ಕ್ಯಾಮೆರಾ. ತೊಳೆಸಿ ತರುವವರೆಗೆ ಚಿತ್ರ ಬಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಹಾಗಾಗಿ ಕಣ್ಣಿನಿಂದಲೇ ಎಲ್ಲವನ್ನೂ ನೋಡಿಟ್ಟುಕೊಳ್ಳುತ್ತಿದ್ದೆವು. ಈಗ ಮಾಲೀಕನೇ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾನೆ, ಸರ್ವೇಯರ್ ಕುರ್ಚಿಯಿಂದ ಏಳದೆ ವರದಿ ಬರೆಯುತ್ತಾನೆ. ಅದರಲ್ಲಿ ಒಳ್ಳೆಯದೂ ಇದೆ, ಸಮಯ ಉಳಿಯುತ್ತದೆ. ಆದರೆ ಒಂದು ಚಕ್ರವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ತಿಳಿಯುವುದು ಫೋಟೋದಲ್ಲಿ ತಿಳಿಯುವುದಿಲ್ಲ.

ವಲೇರಿಯನ್ ಅವರ ಶೆಡ್ ಇದ್ದದ್ದು ಶಂಕರಪುರದಲ್ಲಿ. ಸುತ್ತ ಮಲ್ಲಿಗೆ ತೋಟಗಳು. ಬೆಳಿಗ್ಗೆ ಅಲ್ಲಿಗೆ ಹೋದರೆ ಗ್ರೀಸಿನ ವಾಸನೆಯ ಮಧ್ಯೆ ಹೂವಿನ ವಾಸನೆ ಬರುತ್ತಿತ್ತು. ಪಕ್ಕದ ಮನೆಯ ಹೆಂಗಸರು ಜಗಲಿಯಲ್ಲಿ ಕೂತು ಹೂ ಕಟ್ಟುತ್ತಾ, ಶೆಡ್ಡಿಗೆ ಬಂದವರಿಗೆಲ್ಲ ಒಂದೊಂದು ಹೆಸರು ಇಟ್ಟಿದ್ದರು. ನನಗೆ 'ಬೀಳಿಸಿದ್ದನ್ನು ನೋಡುವವರು' ಎಂಬ ಹೆಸರಿತ್ತಂತೆ. ವಲೇರಿಯನ್ ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ನರು, ನಾನು ತುಳುವಿನವನು. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ರಿಶ್ಚಿಯನ್ ಹಿರಿಯರನ್ನು ಊರಿನವರೆಲ್ಲ ಗೌರವದಿಂದ ಕರೆಯುವಂತೆ ನಾನೂ ಅವರನ್ನು 'ಪೊರ್ಬುಗಳೇ' ಎನ್ನುತ್ತಿದ್ದೆ. ಅವರು ನನ್ನನ್ನು 'ಆಚಾರ್ರೇ' ಎನ್ನುತ್ತಿದ್ದರು.

ಒಂದು ಕಾಲದಲ್ಲಿ ಕಾರ್ಕಳದ ಒಳಗಿನ ಊರುಗಳಿಗೆ ಜೀಪುಗಳೇ ಗತಿ. ಮಳೆಗಾಲದ ಕೆಸರಿನಲ್ಲಿ ಎದುರಿನ ಚಕ್ರಗಳಿಗೂ ಎಂಜಿನ್ನಿನ ಬಲ ಬೇಕು. ಬೇಸಿಗೆಯ ಗಟ್ಟಿ ರಸ್ತೆಗೆ ಹಿಂದಿನ ಎರಡರ ಬಲ ಸಾಕು. ಬಲವನ್ನು ಎದುರಿನ ಚಕ್ರಗಳಿಗೆ ಒಯ್ಯುವ ಎರಡು ಶಾಫ್ಟುಗಳು ಸುಮ್ಮನೆ ತಿರುಗಿ ಡೀಸೆಲ್ ತಿನ್ನುವುದು ಯಾಕೆ ಎಂದು, ದೀಪಾವಳಿ ಕಳೆದದ್ದೇ ಜೀಪಿನವರು ಶಂಕರಪುರಕ್ಕೆ ಬಂದು ಅವನ್ನು ಬಿಚ್ಚಿಸುತ್ತಿದ್ದರು. ವಲೇರಿಯನ್ ಶಾಫ್ಟನ್ನು ಎಳೆದು ತೆಗೆದು, ಚಕ್ರದ ನಡುವಿನ ತೂತಿಗೆ ಬಿಸ್ಕತ್ ಡಬ್ಬಿಯ ತಗಡನ್ನು ದುಂಡಗೆ ಕತ್ತರಿಸಿ ಮುಚ್ಚುತ್ತಿದ್ದರು. ಗೋಡೆಯ ಮೊಳೆಗಳಲ್ಲಿ ಶಾಫ್ಟುಗಳು ಸಾಲಾಗಿ ನೇತಾಡುತ್ತಿದ್ದವು. ಪತ್ತನಾಜೆಗೆ, ಅಂದರೆ ಮಳೆ ಹತ್ತಿರ ಬಂತೆಂದು ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುವ ದಿನದ ಹೊತ್ತಿಗೆ, ಜೀಪುಗಳೆಲ್ಲ ಪುನಃ ಬಂದು ಅವನ್ನು ಹಾಕಿಸಿಕೊಳ್ಳುತ್ತಿದ್ದವು. "ಮೇಳದವರು ಗೆಜ್ಜೆ ಬಿಚ್ಚುವಾಗ ನನ್ನ ಜೀಪುಗಳು ಗೆಜ್ಜೆ ಕಟ್ಟುತ್ತವೆ," ಎನ್ನುವುದು ವಲೇರಿಯನ್ ಅವರ ಮಾತು. ಇದರಲ್ಲಿ ಅಪಾಯ ಏನೂ ಇರಲಿಲ್ಲ. ಹಳೆಯ ಜೀಪಿನಲ್ಲಿ ಚಕ್ರ ತನ್ನದೇ ಬೇರಿಂಗುಗಳ ಮೇಲೆ, ತನ್ನದೇ ನಟ್ಟಿನ ಹಿಡಿತದಲ್ಲಿ ಕೂತಿರುತ್ತದೆ. ಶಾಫ್ಟ್ ಇದ್ದರೂ ಇಲ್ಲದಿದ್ದರೂ ಅದು ಕಳಚುವುದಿಲ್ಲ. ಹಾಗೆ ಬಿಚ್ಚಿದ ಎಷ್ಟೋ ಜೀಪುಗಳಲ್ಲಿ ನಾನೇ ಹೋಗಿದ್ದೇನೆ.

ಶೇಖರನದ್ದು ಜೀಪಲ್ಲ, ಹೊಸ ಕಾಲದ ಫೋರ್ ವೀಲ್ ಪಿಕಪ್. ಕಾಪುವಿನ ಮೀನುಗಾರರ ಮನೆಯವನು. ಮರಳಿನಲ್ಲಿ ದೋಣಿಗಳನ್ನು ಮೇಲಕ್ಕೆ ಎಳೆಯುವುದಕ್ಕೆ ಅದನ್ನು ಬಳಸುತ್ತಿದ್ದ. ಉಳಿದ ಹೊತ್ತಿನಲ್ಲಿ ಐಸ್ ಪೆಟ್ಟಿಗೆಗಳಲ್ಲಿ ಮೀನು ತುಂಬಿಸಿ ಕಾರ್ಕಳದ ಮಾರ್ಕೆಟಿಗೆ ಒಯ್ಯುತ್ತಿದ್ದ. ಹಿಂದೊಮ್ಮೆ ಅದೇ ಗಾಡಿಗೆ ತೆಂಗಿನಮರ ಬಿದ್ದಾಗ ಸರ್ವೇಗೆ ಹೋಗಿ ನನಗೆ ಅವನ ಪರಿಚಯ. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ.

ಆ ದಿನ ನನ್ನ ಕಾರು ಕ್ಲಚ್ ಕೆಲಸಕ್ಕೆಂದು ವಲೇರಿಯನ್ ಅವರ ಶೆಡ್ಡಿನಲ್ಲಿತ್ತು. ಕಾರ್ಕಳದ ಕಲ್ಲುಕೋರೆಯಲ್ಲಿ ಮಗುಚಿದ ಟಿಪ್ಪರ್ ಒಂದನ್ನು ನಾನು ನೋಡಬೇಕಾಗಿತ್ತು. ಬಸ್ಸಿಗೆ ಹೊರಡುವಷ್ಟರಲ್ಲಿ ಶೇಖರ ಮೀನು ತುಂಬಿಸಿಕೊಂಡು ಆ ದಾರಿಯಾಗಿ ಬಂದ, ಶೆಡ್ಡಿನ ಎದುರು ನಿಲ್ಲಿಸಿ ಹಾರ್ನ್ ಮಾಡಿದ.

"ಆಚಾರ್ರೇ, ಕಾರ್ಕಳಕ್ಕಲ್ವಾ? ಹತ್ತಿ. ಮೀನು ನಿಮಗೆ ಆಗುವುದಿಲ್ಲ, ವಾಸನೆ ಪುಕ್ಕಟೆ."

ವಲೇರಿಯನ್ ನನ್ನ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ, "ಹೋಗಿ, ಹೋಗಿ. ಇವನ ಬಾಯಿಗೆ ಬ್ರೇಕ್ ಇಲ್ಲ, ಗಾಡಿಗೆ ಉಂಟು," ಎಂದರು.

ಶಿರ್ವ ದಾಟುವವರೆಗೆ ಶೇಖರ ತನ್ನ ಮಗಳ ವಿಷಯ ಹೇಳುತ್ತಿದ್ದ. ಹತ್ತನೇ ಕ್ಲಾಸು. ಮನೆಯಲ್ಲಿ ಅಪ್ಪನ ಮೈಯ ಮೀನಿನ ವಾಸನೆಗೆ ಮೂಗು ಮುಚ್ಚುತ್ತಾಳೆ, ಊಟಕ್ಕೆ ಕೂತಾಗ ಮಾತ್ರ ಬಂಗುಡೆಯ ದೊಡ್ಡ ತುಂಡು ಅವಳಿಗೇ ಬೇಕು. ನಾನು ನಗುತ್ತಿದ್ದೆ. ಬೆಳ್ಮಣ್ ಕಡೆಗೆ ತಿರುಗಿದ ಮೇಲೆ ಒಂದು ಶಬ್ದ ಕೇಳತೊಡಗಿತು. ಎಡಬದಿಯಲ್ಲಿ, ನನ್ನ ಕಾಲಿನ ಹತ್ತಿರ, ದುಂಬಿ ಗುಂಯ್‌ಗುಟ್ಟಿದ ಹಾಗೆ. ವೇಗ ಹೆಚ್ಚಾದರೆ ಅದೂ ಹೆಚ್ಚಾಗುತ್ತಿತ್ತು.

"ಎಂತ ಶಬ್ದ ಶೇಖರ?"

"ಟಯರಿನದ್ದು. ಬದಲಿಸುವ ಕಾಲ ಬಂದಿದೆ ಅದಕ್ಕೆ."

ಮುಂದಿನ ತಿರುವಿನಲ್ಲಿ ಅವನು ಬ್ರೇಕನ್ನು ಎರಡು ಸಲ ಒತ್ತಿದ್ದನ್ನು ನೋಡಿದೆ.

"ಎರಡೆರಡು ಸಲ ಯಾಕೆ ಒತ್ತುತ್ತೀ?"

"ನಿನ್ನೆಯಿಂದ ಹಾಗೇ. ಮೊದಲ ಸಲ ಕೆಳಗೆ ಹೋಗ್ತದೆ, ಎರಡನೇ ಸಲ ಹಿಡೀತದೆ. ಗಾಳಿ ಹೊಕ್ಕಿರ್ಬೇಕು."

"ಎದುರಿನ ಚಕ್ರದಲ್ಲಿ ಎಂತಾದರೂ ಕೆಲಸ ಮಾಡಿಸಿದ್ದೀಯಾ?"

"ಮೊನ್ನೆ ದೋಣಿ ಎಳೆಯುವಾಗ ಎಡಬದಿಯ ಜಾಯಿಂಟ್ ಹೋಯ್ತು. ಹೊಸದು ಮಂಗಳೂರಿಂದ ಬರ್ಲಿಕ್ಕುಂಟು. ಅಲ್ಲಿವರೆಗೆ ಓಡ್ಲಿ ಅಂತ ಪೊರ್ಬುಗಳು ಎರಡೂ ಶಾಫ್ಟ್ ತೆಗ್ದು ಕೊಟ್ರು. ಟೆಂಪರರಿ. ಹಿಂದಿನ ಎರಡರಲ್ಲೇ ಓಡೋದು ಈಗ."

"ಪೂರ್ತಿ ತೆಗೆದದ್ದಾ? ಚಕ್ರದ ನಡುವೆ ನಟ್ ಬಿಗಿದ ತುಂಡು ಉಂಟಲ್ಲ, ಅದೂ ಸಮೇತ?"

"ಪೂರ್ತಿ. ತಗಡು ಹೊಡೆದು ಮುಚ್ಚಿದ್ದಾರೆ, ನೀಟಾಗಿ. ಯಾಕೆ?"

ಇಲ್ಲಿ ಸ್ವಲ್ಪ ವಿವರಿಸಬೇಕು. ಇಂಥ ಹೊಸ ಗಾಡಿಗಳಲ್ಲಿ ಬೇರಿಂಗ್ ಹಳೆಯ ಜೀಪಿನ ಹಾಗೆ ಸ್ವತಂತ್ರವಾಗಿ ಕೂತಿರುವುದಿಲ್ಲ. ಶಾಫ್ಟಿನ ಹೊರತುದಿ ಚಕ್ರದ ನಡುವೆ ತೂರಿ ಬಂದು, ಅದರ ಮೇಲೆ ದೊಡ್ಡ ನಟ್ ಬಿಗಿದಾಗ ಮಾತ್ರ ಬೇರಿಂಗಿನ ಭಾಗಗಳು ಒಂದಾಗಿ ನಿಲ್ಲುತ್ತವೆ. ಬುತ್ತಿಯ ಕ್ಯಾರಿಯರಿನ ಡಬ್ಬಿಗಳನ್ನು ಬಿಗಿಯಾಗಿ ಹಿಡಿಯುವ ಪಟ್ಟಿ ಇರುತ್ತದಲ್ಲ, ಹಾಗೆ. ಪಟ್ಟಿ ತೆಗೆದರೂ ಡಬ್ಬಿಗಳು ಸ್ವಲ್ಪ ಹೊತ್ತು ಒಂದರ ಮೇಲೊಂದು ಕೂತೇ ಇರುತ್ತವೆ. ಎತ್ತಿಕೊಂಡು ನಡೆದರೆ ಬೀಳುತ್ತವೆ. ಜಾಯಿಂಟ್ ಮುರಿದರೆ ಶಾಫ್ಟನ್ನು ಬಿಚ್ಚಿ, ಆ ಹೊರತುದಿಯ ತುಂಡನ್ನು ಮಾತ್ರ ಬೇರೆ ಮಾಡಿ, ಪುನಃ ತೂರಿಸಿ ನಟ್ ಬಿಗಿದುಕೊಂಡು ಎರಡೇ ಚಕ್ರದ ಬಲದಲ್ಲಿ ನಿಧಾನವಾಗಿ ಮನೆಗೆ ಹೋಗಬಹುದು. ವಲೇರಿಯನ್ ಪುನಃ ಹಾಕದೆ ಬಿಟ್ಟದ್ದು ಆ ತುಂಡನ್ನೇ. ಸಡಿಲವಾದ ಚಕ್ರ ಓಲಾಡುತ್ತಾ ಬ್ರೇಕಿನ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಪೆಡಲ್ ಮೊದಲ ಸಲ ಕೆಳಗೆ ಹೋಗುತ್ತಿದ್ದುದು ಅದಕ್ಕೆ.

"ನಿಲ್ಲಿಸು ಶೇಖರ," ಎಂದೆ.

"ಇಲ್ಲಿ ಇಳಿಜಾರು. ಕೆಳಗೆ ಬಸ್‌ಸ್ಟಾಪಿನ ಹತ್ತಿರ ಅಗಲ ಉಂಟು, ಅಲ್ಲಿ ನಿಲ್ಲಿಸ್ತೇನೆ." ನನ್ನ ಕಡೆ ತಿರುಗಿ, "ನಿಮ್ಮ ಮುಖ ಯಾಕೆ ಹಾಗಾಯ್ತು ಮಾರಾಯ್ರೆ?" ಎಂದ.

"ನಿಲ್ಲಿಸು, ಚಕ್ರ ಕಳಚುತ್ತದೆ."

ಅವನು ನಂಬಿದ. ನಗು ಹೋಯಿತು. ಬ್ರೇಕಿನ ಮೇಲೆ ಕಾಲಿಟ್ಟ. ಒಂದು ಸಲ, ಎರಡು ಸಲ. ಎರಡನೇ ಸಲಕ್ಕೆ ನನ್ನ ಕಾಲಡಿಯಲ್ಲಿ ದೊಡ್ಡ ಸದ್ದಾಯಿತು. ಗಾಡಿ ಎಡಕ್ಕೆ ಮೊಣಕಾಲೂರಿತು. ನಮ್ಮದೇ ಚಕ್ರ ನಮ್ಮನ್ನು ದಾಟಿ, ಯಾವ ಗಡಿಬಿಡಿಯೂ ಇಲ್ಲದೆ ಇಳಿಜಾರಿನಲ್ಲಿ ಮುಂದೆ ಉರುಳಿ ಹೋಗುವುದನ್ನು ನೋಡಿದೆ.

ಬಸ್‌ಸ್ಟಾಪು ಎಡಬದಿಯಲ್ಲಿತ್ತು. ಅಲ್ಲಿ ಜನ ಇದ್ದರು. ಹೂವಿನ ಕಟ್ಟು ಹಿಡಿದ ಇಬ್ಬರು ಹೆಂಗಸರು, ಚೀಲ ಹಾಕಿಕೊಂಡ ಕಾಲೇಜಿನ ಮಕ್ಕಳು. ಗಾಡಿ ನೆಲವನ್ನು ಉಜ್ಜುತ್ತಾ ಅವರ ಕಡೆಗೇ ಎಳೆಯುತ್ತಿತ್ತು. ಶೇಖರ ಸ್ಟೇರಿಂಗಿನ ಮೇಲೆ ಮೈಯೆಲ್ಲ ಹಾಕಿ ಬಲಕ್ಕೆ ತಿರುಗಿಸಿದ. ಬಲಕ್ಕೆ ಗುಡ್ಡ ಕಡಿದ ಕೆಂಪುಕಲ್ಲಿನ ದರೆ ಇತ್ತು. "ಹಿಡ್ಕೊಳ್ಳಿ ಆಚಾರ್ರೇ," ಎಂದ. ಅಷ್ಟೇ ಅವನು ಆಡಿದ್ದು. ಅವನ ಬದಿ ದರೆಗೆ ಹೋಯಿತು.

ನನಗೆ ಎಚ್ಚರ ಇತ್ತು. ಕುತ್ತಿಗೆಯ ಹತ್ತಿರದ ಎಲುಬು ಮುರಿದಿತ್ತು, ಆದರೆ ನೋವು ಇನ್ನೂ ಶುರುವಾಗಿರಲಿಲ್ಲ. ಬಸ್‌ಸ್ಟಾಪಿನ ಮಕ್ಕಳು ಓಡಿ ಬಂದು ನನ್ನನ್ನು ಇಳಿಸಿದರು. ರಸ್ತೆ ತುಂಬ ಐಸು ಮತ್ತು ಬಂಗುಡೆ. ಶೇಖರನನ್ನು ಹೊರಗೆ ತೆಗೆಯಲು ಅವರಿಗೆ ಕಷ್ಟವಾಯಿತು. ಹೂವಿನ ಹೆಂಗಸರಲ್ಲಿ ಒಬ್ಬರು ಅವನ ತಲೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಅವನ ಹೆಸರು ತಿಳಿಯದೆ, "ಮಗಾ, ಮಗಾ" ಎನ್ನುತ್ತಿದ್ದರು. ನಾನು ಆಚೀಚೆ ನೋಡುವಾಗ ಚರಂಡಿಯ ಹುಲ್ಲಿನಲ್ಲಿ ನಮ್ಮ ಚಕ್ರ ಒರಗಿ ನಿಂತಿತ್ತು. ತಗಡು ಹಾರಿಹೋಗಿತ್ತು. ನಡುವಿನ ತೂತಿನಲ್ಲಿ ಆಚೆಯ ಹುಲ್ಲು ಕಾಣುತ್ತಿತ್ತು. ಅಲ್ಲಿ ಕಬ್ಬಿಣ ಇರಬೇಕಾಗಿತ್ತು. ಅದನ್ನು ನೋಡಿದ ಮೇಲೆ ನನಗೆ ಬರೆಯಲು ಬೇರೆ ಏನೂ ಬೇಕಾಗಿರಲಿಲ್ಲ.

ಶೇಖರ ಮಣಿಪಾಲ ಮುಟ್ಟುವ ಮೊದಲೇ ತೀರಿಕೊಂಡ.

ನಿಲ್ಲಿಸು ಎಂದು ನಾನು ಹೇಳದಿದ್ದರೆ ಅವನು ಅಲ್ಲಿ ಬ್ರೇಕ್ ಒತ್ತುತ್ತಿರಲಿಲ್ಲ. ಇಳಿಜಾರು ಮುಗಿದು ಸಪಾಟಿನಲ್ಲಿ ಚಕ್ರ ಕಳಚಿದ್ದರೆ ಇಬ್ಬರೂ ಬದುಕುತ್ತಿದ್ದೆವೋ ಏನೋ. ಅಥವಾ ಇನ್ನೂ ಕಡಿದಾದ ಕಡೆ, ಎದುರಿನಿಂದ ಬಸ್ಸು ಬರುವಾಗ ಕಳಚುತ್ತಿತ್ತೋ. ಇಂಜಿನಿಯರ್ ಆಗಿ ಕೇಳಿದರೆ ಹೇಳುತ್ತೇನೆ: ಅದು ಆ ದಿನ ಎಲ್ಲಾದರೂ ಕಳಚಲೇಬೇಕಿತ್ತು. ಇದು ಸರಿಯಾದ ಉತ್ತರ. ಆದರೂ ಹಲ್ಲುಜ್ಜುವಾಗ, ಪೇಪರು ಓದುವಾಗ, ಬಸ್ಸಿನಲ್ಲಿ ಯಾರಾದರೂ 'ನಿಲ್ಲಿಸಿ' ಎಂದು ಕೂಗಿದಾಗ, ಆ ಎರಡನೇ ಸಲದ ಬ್ರೇಕು ನನ್ನ ಕಾಲಡಿಯಲ್ಲಿ ಪುನಃ ಸದ್ದು ಮಾಡುತ್ತದೆ.

ವಲೇರಿಯನ್ ಆಸ್ಪತ್ರೆಗೆ ಬಂದದ್ದು ಮರುದಿನ, ಶೇಖರನ ಮಣ್ಣು ಮುಗಿಸಿಕೊಂಡು. ಅವರ ಕಣ್ಣು ಕೆಂಪಾಗಿತ್ತು. ಸ್ಟೂಲನ್ನು ಹಾಸಿಗೆಯ ಹತ್ತಿರ ಎಳೆದು ಕೂತರು.

"ಬೇರಿಂಗ್ ಹೋದದ್ದಂತೆ," ಎಂದರು. "ನೋಡಿದವರು ಹೇಳಿದ್ರು. ಉಪ್ಪುನೀರು, ಮತ್ತೆಂತ? ಬೀಚಿನಿಂದ ಬಂದದ್ದೇ ಸಿಹಿನೀರು ಹಾಕಿ ತೊಳೆ ಅಂತ ನಾನು ಬಾಯಿ ಬಡ್ಕೊಂಡಿದ್ದೆ. ಕೇಳುವ ಜಾತಿಯಾ ಅವನು? ನನ್ನ ಮಗನ ಪ್ರಾಯ ಆಚಾರ್ರೇ."

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಬೇರಿಂಗ್ ಹೋದದ್ದು ಸುಳ್ಳಲ್ಲ. ಉಪ್ಪುನೀರು ಇದ್ದದ್ದೂ ಸುಳ್ಳಲ್ಲ. ಎಪ್ಪತ್ತು ದಾಟಿದ ಮನುಷ್ಯ, ಉಳಿದ ಆಯುಷ್ಯವನ್ನು ಹಾಗೆಂದು ನಂಬಿಕೊಂಡು ಕಳೆಯಬಹುದಿತ್ತು. ಹಾಗೇ ಬಿಡೋಣ ಎಂದು ನನಗೆ ಬಲವಾಗಿ ಅನ್ನಿಸಿತ್ತು. ಆದರೆ ಒಂದು ಮಾತು ಕೇಳದೆ ಬಿಡುವಂತಿರಲಿಲ್ಲ.

"ಪೊರ್ಬುಗಳೇ, ಇಂಥ ಹೊಸ ಪಿಕಪ್ಪು ಬೇರೆ ಯಾವುದಕ್ಕಾದರೂ ಹೀಗೆ ಶಾಫ್ಟ್ ಬಿಚ್ಚಿದ್ದೀರಾ?"

"ಒಂದಕ್ಕೆ. ಕೆಮ್ಮಣ್ಣಿನ ಇಬ್ರಾಹಿಂ, ತೆಂಗಿನಕಾಯಿ ಸಾಗಿಸ್ತಾನಲ್ಲ, ಅವನದ್ದು. ಕಳೆದ ವಾರ. ಯಾಕೆ?"

ಹೇಳಿದೆ. ಚಕ್ರದ ನಡುವಿನ ತೂತಿನಲ್ಲಿ ಹುಲ್ಲು ಕಂಡದ್ದನ್ನೂ ಹೇಳಿದೆ. ಅವರು ಮೊದಲು ನಕ್ಕರು.

"ನಲವತ್ತು ವರ್ಷದಿಂದ ಬಿಚ್ಚುತ್ತಾ ಇದ್ದೇನೆ. ಒಂದು ಚಕ್ರ ಬಿದ್ದದ್ದು ತೋರಿಸಿ ನೋಡುವ."

"ಅದು ಜೀಪು, ಪೊರ್ಬುಗಳೇ."

"ನೀವು ಬೀಳಿಸಿದ್ದನ್ನು ನೋಡುವವರು. ಎಲ್ಲ ಆದ ಮೇಲೆ ಬಂದು, ಹೀಗೆ ಮಾಡಬೇಕಿತ್ತು ಹಾಗೆ ಮಾಡಬೇಕಿತ್ತು ಅನ್ಲಿಕ್ಕೆ ಯಾರಿಗೂ ಆಗ್ತದೆ."

"ಈ ಸಲ ನಾನು ಮೊದಲೇ ಅಲ್ಲಿದ್ದೆ."

ಅವರು ತಲೆ ತಗ್ಗಿಸಿ ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಒಂದು ಕೈಯನ್ನು ಮುಷ್ಟಿ ಮಾಡಿ, ಇನ್ನೊಂದು ಕೈಯ ಬೆರಳುಗಳಿಂದ ಅದನ್ನು ಸುತ್ತಿ ಹಿಡಿದರು. ಮತ್ತೆ ಮುಷ್ಟಿಯನ್ನು ಮೆಲ್ಲಗೆ ಹೊರಗೆ ಎಳೆದರು. ಬೇರಿಂಗಿನ ಭಾಗಗಳನ್ನು ಮನಸ್ಸಿನಲ್ಲೇ ಜೋಡಿಸಿ ಬಿಚ್ಚುತ್ತಿದ್ದಾರೆ ಎಂದು ನನಗೆ ತಿಳಿಯಿತು. ಎರಡು ಸಲ ಹಾಗೆ ಮಾಡಿದರು. ಮೂರನೇ ಸಲಕ್ಕೆ ಕೈ ನಿಂತಿತು.  ಫೋನ್ ತೆಗೆದರು.

"ಇಬ್ರಾಹಿಂ, ಗಾಡಿ ಹೇಗುಂಟು?"

ಫೋನಿನ ಆಚೆಯ ದನಿ ನನಗೂ ಕೇಳುತ್ತಿತ್ತು. "ಫಸ್ಟ್ ಕ್ಲಾಸ್ ಪೊರ್ಬುಗಳೇ. ಬ್ರೇಕ್ ಮಾತ್ರ ಎರಡು ಸಲ ಒತ್ಬೇಕು."

"ಎಲ್ಲಿದ್ದಿ?"

"ಮನೆಯಲ್ಲಿ. ಕಾಯಿ ತುಂಬಿಸ್ತಾ ಉಂಟು. ಇನ್ನು ಹೊರಡೋದು."

"ಹೊರಡಬೇಡ. ಕೀ ತೆಗೆದು ನಿನ್ನ ಹೆಂಡತಿಯ ಕೈಯಲ್ಲಿ ಕೊಡು. ನಾನು ಬರ್ತೇನೆ."

ಆ ಮಧ್ಯಾಹ್ನ ನನ್ನನ್ನು ಮನೆಗೆ ಕಳಿಸುವವರಿದ್ದರು. ಕೈಗೆ ಜೋಲಿ ಕಟ್ಟಿಸಿಕೊಂಡು ನಾನೂ ಅವರ ಜೊತೆ ಹೊರಟೆ. ಅವರು ತಂದದ್ದು ಅವರದ್ದೇ ಹಳೆಯ ಜೀಪು. ದೀಪಾವಳಿ ಕಳೆದಿತ್ತು, ಅದರ ಎದುರಿನ ಚಕ್ರಗಳಲ್ಲೂ ದುಂಡಗಿನ ತಗಡು ಇತ್ತು. ಇದರಲ್ಲಿ ಅಪಾಯ ಇಲ್ಲ ಎಂದು ನನ್ನಷ್ಟು ಚೆನ್ನಾಗಿ ತಿಳಿದವರು ಯಾರು? ಆದರೂ ಮಣಿಪಾಲದ ಇಳಿಜಾರಿನಲ್ಲಿ ನನ್ನ ಎರಡೂ ಕಾಲು ನೆಲವನ್ನು ಒತ್ತಿ ಹಿಡಿದಿದ್ದವು.  ವಲೇರಿಯನ್ ಅದನ್ನು ಕಂಡು ಎರಡನೇ ಗೇರಿಗೆ ಹಾಕಿದರು. ಹಿಂದಿನ ವಾಹನಗಳೆಲ್ಲ ಹಾರ್ನ್ ಮಾಡಿದರೂ ಕೆಮ್ಮಣ್ಣಿನವರೆಗೆ ಹಾಗೇ, ನಡೆಯುವವರ ವೇಗದಲ್ಲಿ ಒಯ್ದರು.

"ಎಂತ ಪೊರ್ಬುಗಳೇ, ಈಗ ಮನೆ ಬಾಗಿಲಿಗೆ ಸರ್ವಿಸಾ?" ಎಂದು ಇಬ್ರಾಹಿಂ ನಗುತ್ತಾ ಎದುರು ಬಂದ. ವಲೇರಿಯನ್ ನೇರ ಹೋಗಿ ಎದುರಿನ ಚಕ್ರದ ಹತ್ತಿರ ಜಾಕ್ ಇಟ್ಟರು. ಚಕ್ರ ನೆಲ ಬಿಟ್ಟ ಮೇಲೆ ಅದರ ಮೇಲೆ ಕೆಳಗೆ ಕೈ ಇಟ್ಟು ಅಲ್ಲಾಡಿಸಿದರು. ಅದು ಬೀಳಲಿರುವ ಹಲ್ಲಿನ ಹಾಗೆ ಅಲುಗಿತು. ಇಬ್ರಾಹಿಂ ನಗು ನಿಲ್ಲಿಸಿದ. ತಾನೂ ಒಮ್ಮೆ ಮುಟ್ಟಿ ನೋಡಿದ.

"ನಾಳೆ ಮಕ್ಕಳನ್ನು ಕೂರಿಸ್ಕೊಂಡು ಕಾರ್ಕಳಕ್ಕೆ ಹೋಗ್ಲಿಕ್ಕಿತ್ತು," ಎಂದ, ಯಾರಿಗೆಂದಲ್ಲ.

ವಲೇರಿಯನ್ ಎದುರಿನ ಎರಡೂ ಚಕ್ರ ಬಿಚ್ಚಿ, ಯಾರೂ ಆ ಗಾಡಿ ಓಡಿಸದ ಹಾಗೆ, ತಮ್ಮ ಜೀಪಿಗೆ ಹಾಕಿಕೊಂಡರು. ಮರುದಿನ ಹೊಸ ಬೇರಿಂಗುಗಳನ್ನೂ ಆ ಹೊರತುದಿಯ ತುಂಡುಗಳನ್ನೂ ತಂದು ಹಾಕಿದರು. ಕೊನೆಯ ನಟ್ ಬಿಗಿಯುವಾಗ ಅವರ ಪಾನ ಎರಡು ಸಲ ಜಾರಿತಂತೆ. ಇಬ್ರಾಹಿಮನೇ ಪಾನದ ಮೇಲೆ ನಿಂತು ಬಿಗಿದನಂತೆ.

ಅಪಘಾತವಾದ ಗಾಡಿಯ ಸರ್ವೇ ನನಗೆ ಬರಲಿಲ್ಲ, ಬರಲೂ ಬಾರದು, ನಾನು ಸಾಕ್ಷಿ. ಸರ್ವೇಗೆ ಬಂದ ಹೊಸಬ ನನ್ನ ಹತ್ತಿರ, "ಬೇರಿಂಗ್ ಹೋಯ್ತು ಅಂತ ಬರೆದು ಮುಗಿಸಲಾ ಸಾರ್?" ಎಂದು ಕೇಳಿದ. ಯಾಕೆ ಹೋಯಿತು ಎಂಬುದನ್ನೂ ಬರೆ ಎಂದೆ. ಪೊಲೀಸರಿಗೂ ಅದನ್ನೇ ಹೇಳಿದೆ. ವಲೇರಿಯನ್ ನನಗಿಂತ ಮೊದಲೇ ಸ್ಟೇಷನ್ನಿಗೆ ಹೋಗಿ ಹೇಳಿ ಬಂದಿದ್ದರು.

ಇನ್ನು ಉಳಿದದ್ದು ಶೇಖರನ ಹೆಂಡತಿ ಜಲಜ. "ಅವಳು ಸ್ಟೇಷನ್ನಿನಿಂದ ಕೇಳಬಾರದು. ನೀವು ಒಟ್ಟಿಗೆ ಬನ್ನಿ," ಎಂದರು ವಲೇರಿಯನ್. ಕಾಪುವಿನಲ್ಲಿ ಅವನ ಮನೆ ಸಮುದ್ರದ ಹತ್ತಿರ. ಅಂಗಳದಲ್ಲಿ ಬಲೆ ಒಣಗಲು ಹಾಕಿತ್ತು. ಜಲಜ ಕುರ್ಚಿ ಹಾಕಿದರು. ವಲೇರಿಯನ್ ಕೂರಲಿಲ್ಲ. ನಿಂತೇ, ಒಂದೇ ಉಸಿರಿನಲ್ಲಿ, ಯಾವ ತುಂಡನ್ನು ಹಾಕಬೇಕಿತ್ತು, ತಾವು ಹಾಕಲಿಲ್ಲ ಎಂಬುದನ್ನು ಹೇಳಿದರು. ಜಲಜರಿಗೆ ಅದರ ಅರ್ಧ ತಿಳಿಯಿತೋ ಇಲ್ಲವೋ. ಅವರು ನನ್ನ ಕಡೆ ನೋಡಿದರು.

"ಬಸ್‌ಸ್ಟಾಪಿನಲ್ಲಿ ಜನ ಇದ್ದದ್ದು ಅವರಿಗೆ ಕಂಡಿತ್ತಾ?"

"ಕಂಡಿತ್ತು."

"ಕಂಡೇ ಆ ಕಡೆ ತಿರುಗಿಸಿದ್ದಾ?"

"ಹೌದು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಸಮುದ್ರದ ಕಡೆ ಮುಖ ಮಾಡಿ ನಿಂತರು. ಆಮೇಲೆ ವಲೇರಿಯನ್ ಕಡೆ ತಿರುಗಿದರು. ದನಿ ಏರಲಿಲ್ಲ.

"ಗಾಡಿಗೆ ಪೊರ್ಬುಗಳು ಕೈ ಹಾಕಿದ್ದಾರೆ, ಹೆದರ್ಲಿಕ್ಕಿಲ್ಲ ಅಂತ ಹೇಳಿ ಹೋದವರು ಅವರು. ನೀವು ಇನ್ನು ಈ ಅಂಗಳಕ್ಕೆ ಬರುವುದು ಬೇಡ. ನನಗೆ ನೋಡ್ಲಿಕ್ಕೆ ಆಗುವುದಿಲ್ಲ. ಆದ್ರೆ ಮನೆಯಲ್ಲಿ ಕೂತು ಅಳುವುದೂ ಬೇಡ. ನಿಮ್ಮಿಂದ ಕೆಲಸ ಕಲ್ತವರು ಊರಿಡೀ ಇದ್ದಾರಲ್ಲ? ಹೋಗಿ ಅವರಿಗೆ ಹೇಳಿ."

ವಲೇರಿಯನ್ ಮರುವಾರವೇ ಶೆಡ್ ಮುಚ್ಚಿದರು. ಕೇಸು ನಡೆಯುತ್ತಿದೆ, ಕರೆದಾಗಲೆಲ್ಲ ಹೋಗಿ ನಿಲ್ಲುತ್ತಾರೆ. ಉಳಿದ ದಿನಗಳಲ್ಲಿ, ಮುರಿದ ಶಾಫ್ಟಿನಿಂದ ಬೇರೆ ಮಾಡಿದ ಒಂದು ಹೊರತುದಿಯ ತುಂಡನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು, ಕಾಪು, ಕಟಪಾಡಿ, ಉಡುಪಿ, ಪರ್ಕಳ, ಕಾರ್ಕಳ ಎಂದು ಶೆಡ್ಡಿನಿಂದ ಶೆಡ್ಡಿಗೆ ಹೋಗುತ್ತಾರೆ. ನಾನೂ ಕೆಲಸ ಬಿಟ್ಟಿದ್ದೇನೆ. ಅವರ ಜೊತೆ ಹೋಗುತ್ತೇನೆ. ಒಬ್ಬರು ಬಿಚ್ಚಿದವರು, ಒಬ್ಬರು ನೋಡಿದವರು ಇದ್ದರೆ ಜನ ನಂಬುತ್ತಾರೆ ಎನ್ನುತ್ತಾರೆ ಅವರು. ಕೆಲವು ಕಡೆ ಚಹಾ ಸಿಗುತ್ತದೆ. ಕೆಲವು ಕಡೆ, "ಅದೆಲ್ಲ ನಮಗೆ ಗೊತ್ತುಂಟು ಅಜ್ಜ, ಜಾಗ ಬಿಡಿ," ಎನ್ನುತ್ತಾರೆ. ಗೊತ್ತಿದೆ ಎಂದವರಿಗೂ ಅವರು ತುಂಡು ತೋರಿಸಿಯೇ ಹೊರಡುವುದು.

ಮೊನ್ನೆ ಪರ್ಕಳದ ಒಂದು ಹೊಸ ಶೆಡ್ಡಿಗೆ ಹೋಗಿದ್ದೆವು. ಮೆಕ್ಯಾನಿಕ್ ಹುಬ್ಬಳ್ಳಿ ಕಡೆಯವನು, ವಲೇರಿಯನ್ ಯಾರೆಂದು ಅವನಿಗೆ ತಿಳಿಯದು. ಕೈಯಲ್ಲಿದ್ದ ಪಾನ ಕೆಳಗಿಟ್ಟು ಪೂರ್ತಿ ಕೇಳಿದ. ತುಂಡನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ವಲೇರಿಯನ್ ಎಲ್ಲವನ್ನೂ ಹೇಳಿದರು, ತಮ್ಮ ತಪ್ಪನ್ನು ಎಲ್ಲಿಯೂ ಸಣ್ಣದು ಮಾಡದೆ. ಕೊನೆಗೆ ಅವನು ಕೇಳಿದ, "ಗಾಡಿ ಹೊಡೀತಿದ್ದೋರ ಹೆಸರೇನ್ರೀ ಅಜ್ಜಾರ?"

ವಲೇರಿಯನ್ ಬಾಯಿ ತೆರೆದರು. ಮತ್ತೆ ನನ್ನ ಮುಖ ನೋಡಿದರು. ಎಲ್ಲ ಶೆಡ್ಡಿನಲ್ಲೂ ಈ ಪ್ರಶ್ನೆ ಬರುತ್ತದೆ, ಎಲ್ಲ ಸಲವೂ ಅವರಿಗೆ ಇಲ್ಲಿಗೆ ಬಂದು ಮಾತು ನಿಲ್ಲುತ್ತದೆ. ಅಲ್ಲಿಂದ ಮುಂದಿನದು ನನ್ನ ಕೆಲಸ.

"ಶೇಖರ," ಎಂದೆ. "ಕಾಪುವಿನವನು."